ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಸಿಗುತ್ತದೆ, ಆಮೇಲೆ?

ನಮ್ಮ ಕಾಸರಗೋಡು ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಊರಿಗೊಬ್ಬರಾದರೂ ಸಿಗುತ್ತಾರೆ. ಈಗ ಕೆಳಗೆ ನಿಂತೇ ಕೆಲಸ ಮಾಡುವ ಉದ್ದನೆಯ ಫೈಬರ್ ದೋಟಿ ಬಂದು ಮರ ಹತ್ತುವುದು ಸ್ವಲ್ಪ ಕಡಿಮೆಯಾಗಿದೆ. ಮೊದಲು ಹಾಗಿರಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲೇಬೇಕು, ಮರ ಪಾಚಿ ಹಿಡಿದು ಜಾರುತ್ತಿರುತ್ತದೆ, ಬಿಸಿಲು ಕಂಡ ಸ್ವಲ್ಪ ಹೊತ್ತಲ್ಲೇ ಕೆಲಸ ಮುಗಿಸಬೇಕೆಂಬ ಅವಸರ ಬೇರೆ. ನನ್ನ ಸೋದರಮಾವ ಬಿದ್ದದ್ದು ಹೀಗೆ. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಆದರೂ ತೋಟದ ಲೆಕ್ಕ ಅವರದೇ, ಆಳುಗಳ ಹತ್ತಿರ ಜಗಳವೂ ಅವರದೇ. ಹತ್ತಿರದಲ್ಲಿ ಎಲ್ಲಾದರೂ ತಾಳಮದ್ದಳೆ ಇದ್ದರೆ ವೀಲ್‌ಚೇರಲ್ಲೇ ಹೋಗಿ ಅರ್ಥ ಹೇಳಿ ಬರುತ್ತಾರೆ.

ನನ್ನದು ಬೇರೆ ಕತೆ. ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯುವ ಕಾಯಿಲೆ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಹಾಗೆ ಓಡಾಡುತ್ತೇನೆ, ಸಂಜೆ ಮತ್ತೆ ಮೊಣಕಾಲು ಊದಿಕೊಳ್ಳುತ್ತದೆ. ನೋಡುವವರಿಗೆ ಎಂತ ಸಮಸ್ಯೆಯೂ ಕಾಣುವುದಿಲ್ಲ. ಮಾವನ ಮಗಳು ಇರುವುದು ಮುಂಬೈಯಲ್ಲಿ, ಹಾಗಾಗಿ ಮಾವ ಹೋಗುವಾಗೆಲ್ಲ ಜೊತೆಗೆ ನಾನು. ಒಬ್ಬರಿಗೆ ಕಾಲಿಗೆ ಬಲ ಇಲ್ಲ, ಇನ್ನೊಬ್ಬಳಿಗೆ ಕೈಕಾಲು ಯಾವಾಗ ಕೈಕೊಡುತ್ತದೆ ಗೊತ್ತಿಲ್ಲ. ಒಳ್ಳೇ ಜೋಡಿ ಅಲ್ವಾ!

ನಾವು ವಿಮಾನದಲ್ಲಿ ಹೋಗುವುದು ಕೇಳಿದರೆ ಊರಲ್ಲಿ ಕೆಲವರು "ಬಾರೀ ಖುಷಿಯಲ್ಲಿದ್ದೀರಿ" ಎನ್ನುತ್ತಾರೆ. ರೈಲಿಲ್ವಾ ಅಂತ. ರೈಲು ಉಂಟು, ಕಾಸರಗೋಡಿಂದಲೇ ನೇತ್ರಾವತಿ ಉಂಟು. ಆದರೆ ಬೋಗಿಯ ಮೆಟ್ಟಿಲು ಹತ್ತಿಸಲು ನಾಲ್ಕು ಜನ ಬೇಕು. ಒಳಗೆ ವೀಲ್‌ಚೇರ್ ನಡುದಾರಿಯಲ್ಲಿ ತಿರುಗುವುದಿಲ್ಲ. ಅಂಗವಿಕಲರ ಬೋಗಿ ಅಂತ ಒಂದು ಇದೆ, ಅದು ಗಾಡಿಯ ಯಾವುದೋ ಒಂದು ತುದಿಯಲ್ಲಿ, ಪ್ಲ್ಯಾಟ್‌ಫಾರ್ಮ್ ಮುಗಿದ ಮೇಲೆ ಜಲ್ಲಿಯ ಮೇಲೆ ನಿಂತಿರುವುದೂ ಉಂಟು. ಅದಕ್ಕಿಂತ ದೊಡ್ಡದು ಹೊತ್ತು. ಮುಂಬೈಗೆ 15 ಗಂಟೆಗೂ ಜಾಸ್ತಿ. ಬೆನ್ನುಹುರಿ ಪೆಟ್ಟಾದವರು ಒಂದೇ ಕಡೆ ಒತ್ತಿ ಕೂತರೆ ಚರ್ಮ ಒಡೆದು ಹುಣ್ಣಾಗುತ್ತದೆ, ಅವರಿಗೆ ಅದು ನೋಯುವುದೂ ಇಲ್ಲ, ಹಾಗಾಗಿ ಗೊತ್ತಾಗುವಷ್ಟರಲ್ಲಿ ತಡ. ಆ ಹುಣ್ಣು ಮಾಗಲು ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ಮಂಗಳೂರಿಂದ ಮುಂಬೈಗೆ ವಿಮಾನದಲ್ಲಿ ಒಂದೂವರೆ ಗಂಟೆ. ಖುಷಿಯ ಮಾತೇ ಅಲ್ಲ ಇದು, ಚರ್ಮದ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಸಿಗುವುದಿಲ್ಲ ಎನ್ನುವ ದೂರು ನನ್ನದಲ್ಲ. ಸಿಗುತ್ತದೆ. ದೂಡುವ ಹುಡುಗರೂ ಒಳ್ಳೆಯವರೇ. ತೊಂದರೆ ಬರುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನಾವು ದಾಟುವ ಜಾಗದಲ್ಲಿ. ಟಿಕೆಟ್ ಮಾಡುವವನು ಬೇರೆ, ಕೌಂಟರಲ್ಲಿ ಕೂತವಳು ಬೇರೆ, ತಪಾಸಣೆ ಮಾಡುವ ಸಿಐಎಸ್‌ಎಫ್ ಭದ್ರತಾ ಪಡೆಯವರು ಬೇರೆ, ಕುರ್ಚಿ ದೂಡುವವನು ಗುತ್ತಿಗೆ ಕಂಪನಿಯವನು, ವಿಮಾನದ ಒಳಗೆ ಇರುವವರು ಬೇರೆ, ಇಳಿದ ಊರಲ್ಲಿ ಮತ್ತೆ ಎಲ್ಲರೂ ಹೊಸಬರು. ಪ್ರತಿಯೊಬ್ಬರೂ ಅವರವರ ಕೆಲಸ ಸರಿಯಾಗಿ ಮಾಡಿದರೂ ಮಾವ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ. ಯಾಕೆಂದರೆ ಮುಂದಿನವನಿಗೆ ಯಾರೂ ಹೇಳಿರುವುದಿಲ್ಲ.

ಮೊದಲ ಗಂಟು ಟಿಕೆಟ್ ಮಾಡುವಾಗಲೇ ಬೀಳುತ್ತದೆ. ವೀಲ್‌ಚೇರ್ ಬೇಕು ಎಂದರೆ ಟ್ರಾವೆಲ್ಸಿನವರು ಒಂದು ಟಿಕ್ ಹಾಕಿ ಬಿಡುತ್ತಾರೆ. ಆದರೆ ವಿಮಾನದವರ ಕಂಪ್ಯೂಟರಿನಲ್ಲಿ ವೀಲ್‌ಚೇರಿಗೆ ಒಂದೇ ಕೋಡ್ ಇರುವುದಲ್ಲ, ಮುಖ್ಯವಾಗಿ ಮೂರು ಇವೆ. ಡಬ್ಲ್ಯೂಸಿಎಚ್‌ಆರ್ ಎಂದರೆ ದೂರ ನಡೆಯಲು ಆಗುವುದಿಲ್ಲ, ಮೆಟ್ಟಿಲು ಹತ್ತಬಹುದು, ಸೀಟಿಗೆ ತಾನೇ ಹೋಗಬಹುದು. ಅದು ನಾನು, ಒಳ್ಳೆಯ ದಿನಗಳಲ್ಲಿ. ಡಬ್ಲ್ಯೂಸಿಎಚ್‌ಎಸ್ ಎಂದರೆ ಮೆಟ್ಟಿಲು ಆಗುವುದಿಲ್ಲ, ಒಳಗೆ ನಾಲ್ಕು ಹೆಜ್ಜೆ ಇಡಬಹುದು. ಅದೂ ನಾನು, ಕೆಟ್ಟ ದಿನಗಳಲ್ಲಿ. ಡಬ್ಲ್ಯೂಸಿಎಚ್‌ಸಿ ಎಂದರೆ ಏನೂ ಆಗುವುದಿಲ್ಲ, ಸೀಟಿನವರೆಗೂ ಕರೆದುಕೊಂಡು ಹೋಗಿ ಕೂರಿಸಬೇಕು. ಅದು ಮಾವ. ಕೊನೆಯ ಆ ಒಂದು ಅಕ್ಷರದ ಮೇಲೆ ಎಲ್ಲ ನಿಂತಿದೆ. ಮಾವನ ಟಿಕೆಟಿಗೆ ಒಮ್ಮೆ ಆರ್ ಬಿದ್ದಿತ್ತು. ನಿಲ್ದಾಣದ ಒಳಗೆಲ್ಲ ರಾಜಮರ್ಯಾದೆಯಿಂದ ದೂಡಿಕೊಂಡು ಹೋದರು. ಆಮೇಲೆ ಬಸ್ಸಲ್ಲಿ ವಿಮಾನದ ಬುಡಕ್ಕೆ ಕರೆದುಕೊಂಡು ಹೋಗಿ ಮೆಟ್ಟಿಲ ಎದುರು ನಿಲ್ಲಿಸಿ "ಸಾರ್, ಹತ್ತಿ" ಎಂದರು. ಮಾವ ಮೆಟ್ಟಿಲು ನೋಡಿದರು, ಹುಡುಗನನ್ನು ನೋಡಿದರು. "ಹತ್ತಲಿಕ್ಕೆ ಆಗುತ್ತಿದ್ದರೆ ನಾನು ಅಡಿಕೆ ಮರವನ್ನೇ ಹತ್ತುತ್ತಿದ್ದೆ ಮಾರಾಯ" ಎಂದರು.

ಆ ಹುಡುಗನದ್ದು ತಪ್ಪಿಲ್ಲ. ಅವನ ಚೀಟಿಯಲ್ಲಿ ಆರ್ ಇತ್ತು.

ಅಲ್ಲಿಂದೀಚೆಗೆ ನಾವು ಟಿಕೆಟ್ ಆದ ಕೂಡಲೇ ವಿಮಾನದವರಿಗೆ ನೇರ ಫೋನ್ ಮಾಡಿ ಯಾವ ಕೋಡ್ ಹಾಕಿದ್ದೀರಿ ಎಂದು ಓದಿಸಿ ಕೇಳುತ್ತೇವೆ. 48 ಗಂಟೆ ಮೊದಲು ತಿಳಿಸಬೇಕು ಎಂದು ನಿಯಮದಲ್ಲೇ ಉಂಟು. ಅಷ್ಟು ಮೊದಲು ಹೇಳದೆ ಇದ್ದರೂ ಆದಷ್ಟು ಅನುಕೂಲ ಮಾಡಿಕೊಡಬೇಕು ಅಂತಲೂ ಉಂಟು, ಆದರೆ ಅದನ್ನು ನಂಬಿ ಕೂರಬೇಡಿ. ಸಿ ಎಂದು ಗೊತ್ತಿದ್ದರೆ ಆಂಬುಲಿಫ್ಟ್ ತರಿಸುತ್ತಾರೆ. ಲಾರಿಯಂಥ ಗಾಡಿ, ಹಿಂದಿನ ಕೋಣೆ ಇಡೀ ಮೇಲಕ್ಕೆ ಏರಿ ವಿಮಾನದ ಬಾಗಿಲಿಗೆ ತಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಬಲಗಡೆಯ ಬಾಗಿಲಿಗೆ, ಎಂದರೆ ಊಟದ ಡಬ್ಬಿಗಳು ಹೋಗುವ ಬಾಗಿಲಿಗೆ. ಮಾವನಿಗೆ ಅದರಲ್ಲಿ ಏನೂ ಬೇಜಾರಿಲ್ಲ, ಊಟದ ಜೊತೆ ಹೋಗುವುದು ಒಳ್ಳೆಯದೇ ಎನ್ನುತ್ತಾರೆ. ಏರೋಬ್ರಿಡ್ಜ್, ಎಂದರೆ ನಿಲ್ದಾಣದಿಂದ ವಿಮಾನದ ಬಾಗಿಲಿಗೇ ಸೇರುವ ಸುರಂಗದಂಥ ದಾರಿ, ಇದ್ದರೆ ಈ ರಗಳೆಯೇ ಇಲ್ಲ. ಆದರೆ ಎಟಿಆರ್ ಥರದ ಸಣ್ಣ ವಿಮಾನಕ್ಕೆ ಸಾಮಾನ್ಯವಾಗಿ ಏರೋಬ್ರಿಡ್ಜ್ ತಾಗುವುದಿಲ್ಲ, ಬೆಂಗಳೂರಿಗೋ ಹೈದರಾಬಾದಿಗೋ ಹೋಗುವವರು ಟಿಕೆಟ್ ಮಾಡುವಾಗ ವಿಮಾನ ಯಾವುದು ಎಂದು ನೋಡಿಕೊಳ್ಳಿ.

ಇನ್ನು ಬಾಗಿಲಿಂದ ಸೀಟಿನವರೆಗಿನ ದಾರಿ. ನನ್ನ ಲೆಕ್ಕದಲ್ಲಿ ಇಡೀ ಪ್ರಯಾಣದ ಕಷ್ಟ ಎಂದರೆ ಇದೇ, ಮಂಗಳೂರಿಂದ ಮುಂಬೈ ಅಲ್ಲ. ವಿಮಾನದ ನಡುದಾರಿಯಲ್ಲಿ ಮಾಮೂಲಿ ಕುರ್ಚಿ ಹೋಗುವುದಿಲ್ಲ. ಅದಕ್ಕೆ ಐಲ್ ಚೇರ್ ಎಂಬ ಸಪೂರದ ಕುರ್ಚಿ. ಎದೆಗೊಂದು ಬೆಲ್ಟು, ತೊಡೆಗೊಂದು, ಕಾಲಿಗೊಂದು. ಸ್ವಾಧೀನ ಇಲ್ಲದ ಕಾಲು ಬದಿಗೆ ಜಾರಿ ಸೀಟಿನ ಕಬ್ಬಿಣಕ್ಕೆ ತಾಗಿದರೆ ಗೊತ್ತೇ ಆಗುವುದಿಲ್ಲ, ಮನೆಗೆ ಬಂದು ಪಂಚೆ ಬಿಚ್ಚಿದಾಗ ರಕ್ತ ಕಾಣುತ್ತದೆ. ಹಾಗಾಗಿ ಕಾಲಿನ ಬೆಲ್ಟು ಕಟ್ಟದೆ ಮಾವ ಹೊರಡಲು ಬಿಡುವುದಿಲ್ಲ. ಹಿಂದಿನಿಂದ ಒಬ್ಬ ಎಳೆಯುತ್ತಾನೆ, ಮುಂದಿನಿಂದ ಒಬ್ಬ ಕಾಲು ನೋಡಿಕೊಳ್ಳುತ್ತಾನೆ. ಸೀಟಿನ ಹತ್ತಿರ ಬಂದಾಗ ಮತ್ತೊಂದು ತಡೆ, ನಡುದಾರಿ ಕಡೆಯ ಕೈಯಾಸರೆ. ಅದು ಮೇಲೇಳುವುದಿಲ್ಲ ಎಂದೇ ಎಲ್ಲರೂ ನಂಬಿದ್ದಾರೆ, ಸಿಬ್ಬಂದಿಯೂ. ಕೆಲವು ಸಾಲುಗಳಲ್ಲಿ ಏಳುತ್ತದೆ. ಕೈಯಾಸರೆಯ ಅಡಿಯಲ್ಲಿ, ಸೀಟಿಗೆ ಸೇರುವ ಮೂಲೆಯಲ್ಲಿ ಬೆರಳು ಹಾಕಿ ತಡಕಿದರೆ ಸಣ್ಣದೊಂದು ಗುಂಡಿಯೋ ಪಟ್ಟಿಯೋ ಸಿಗುತ್ತದೆ, ಅದನ್ನು ಒತ್ತಿ ಹಿಡಿದು ಎತ್ತಬೇಕು. ನನ್ನ ಬೆರಳಿಗೆ ಅಷ್ಟು ಶಕ್ತಿ ಇಲ್ಲ. ಜಾಗ ತೋರಿಸುತ್ತೇನೆ, ಯಾರಾದರೂ ಒತ್ತುತ್ತಾರೆ. ಕೈಯಾಸರೆ ಎದ್ದರೆ ಮಾವ ಬದಿಗೆ ಜಾರಿಕೊಂಡು ಸೀಟಿಗೆ ಹೋಗಬಹುದು. ಇಲ್ಲದಿದ್ದರೆ ಇಡೀ ದೇಹವನ್ನು ಅದರ ಮೇಲಿಂದ ಎತ್ತಿ ದಾಟಿಸಬೇಕು.

ಎತ್ತುವುದಕ್ಕೂ ಕ್ರಮ ಉಂಟು. ಬಂದವರು ಸೀದಾ ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆ. ಮಾವನಿಗೆ ದಿನವಿಡೀ ಚಕ್ರ ತಿರುಗಿಸಿ ತಿರುಗಿಸಿ ಭುಜ ಸವೆದಿದೆ, ಹಾಗೆ ಎಳೆದರೆ ಉಳಿದದ್ದೂ ಹೋಗುತ್ತದೆ. ಅವರು ಮೊದಲೇ ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳುತ್ತಾರೆ. ಹಿಂದೆ ನಿಂತವನು ಕಂಕುಳ ಅಡಿಯಿಂದ ಕೈ ತೂರಿಸಿ ಮಾವನ ಮುಂಗೈಗಳನ್ನು ಹಿಡಿಯಬೇಕು, ಮುಂದಿನವನು ಮೊಣಕಾಲಿನ ಅಡಿಗೆ ಕೈ ಕೊಡಬೇಕು, ಎಣಿಸಿ ಒಟ್ಟಿಗೆ ಎತ್ತಬೇಕು. ಇದನ್ನು ಮಾವ ಹಿಂದಿ, ತುಳು, ಮಲಯಾಳ, ಕನ್ನಡ ಎಲ್ಲದರಲ್ಲೂ ಹೇಳಬಲ್ಲರು, ತಾಳಮದ್ದಳೆಯ ಸ್ವರದಲ್ಲಿ. ಸುತ್ತಲಿನವರು ನೋಡುತ್ತಾರೆ. ನೋಡಲಿ. ಸುಮ್ನೆ ನಾಚಿಕೊಂಡು ಕೂತರೆ ಭುಜ ಹೋಗುವುದು ನಮ್ಮದು.

ಇನ್ನೊಂದು ವಿಷಯ. ಸಿಬ್ಬಂದಿ ಕೇಳುವ ಪ್ರಶ್ನೆ ಎಲ್ಲ ನನಗೆ. "ಇವರಿಗೆ ನಡೆಯಲಿಕ್ಕೆ ಆಗ್ತದಾ?" "ಇವರಿಗೆ ನೀರು ಬೇಕಾ?" ಮಾವ ಅಲ್ಲೇ ಕೂತಿದ್ದಾರೆ, ಕಿವಿ ಚುರುಕಾಗಿದೆ, ಬಾಯಿ ಅದಕ್ಕಿಂತ ಚುರುಕು. ನಾನು ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ಮಾವನ ಮುಖ ನೋಡುತ್ತೇನೆ, ಆಗ ಅವರೂ ನೋಡುತ್ತಾರೆ.

ನೀರಿನ ಮಾತು ಬಂತು, ಹೇಳಿಬಿಡುತ್ತೇನೆ. ವಿಮಾನದ ಶೌಚಾಲಯದಲ್ಲಿ ಕಾಲಿದ್ದವರೇ ತಿರುಗುವುದು ಕಷ್ಟ. ಅದಕ್ಕೆ ಹೆದರಿ ನಮ್ಮವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಮಾವನೂ ಹಾಗೇ ಮಾಡುತ್ತಿದ್ದರು. ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರದ ಸೋಂಕು ಮೊದಲೇ ಬೇಗ ಬರುತ್ತದೆ, ನೀರು ಬಿಟ್ಟರೆ ಇನ್ನೂ ಬೇಗ. ಈಗ ಪಂಚೆ ಬಿಟ್ಟು ಸಡಿಲ ಪ್ಯಾಂಟು, ಒಳಗೆ ಕಾಲಿಗೆ ಕಟ್ಟಿದ ಮೂತ್ರದ ಚೀಲ, ವಿಮಾನ ಹತ್ತುವ ಮೊದಲು ನಿಲ್ದಾಣದ ಅಂಗವಿಕಲರ ಶೌಚಾಲಯದಲ್ಲಿ ಖಾಲಿ. ತಪಾಸಣೆಯಲ್ಲಿ ಕೈಗೆ ಚೀಲ ತಾಗಿ ಅವರು ಗಾಬರಿಯಾಗುವ ಮೊದಲು ನಾವೇ ಹೇಳಬೇಕು. ಪ್ರತ್ಯೇಕ ಕೋಣೆಯಲ್ಲಿ ನೋಡಿ ಎಂದು ಕೇಳಬಹುದು, ಕೇಳಿದರೆ ಇಲ್ಲ ಎಂದವರು ನಮಗೆ ಸಿಕ್ಕಿಲ್ಲ. ಕೃತಕ ಕಾಲು ಇರುವವರ ಪಾಡು ಇದಕ್ಕಿಂತ ಕಷ್ಟ. ನೃತ್ಯಗಾತಿ, ನಟಿ ಸುಧಾ ಚಂದ್ರನ್ 2021ರಲ್ಲಿ ವಿಡಿಯೋ ಮಾಡಿ, ಪ್ರತಿ ಸಲ ಕಾಲು ಬಿಚ್ಚಿಸುತ್ತಾರೆ ಎಂದು ಪ್ರಧಾನಿಯವರಿಗೇ ಹೇಳಿಕೊಂಡರು, ಆಗ ಸಿಐಎಸ್‌ಎಫ್ ಕ್ಷಮೆ ಕೇಳಿತು. ಅಷ್ಟು ಹೆಸರಿದ್ದವರಿಗೇ ಹೀಗಾದರೆ ನಮ್ಮೂರ ಕಡೆಯ ಪೆರ್ಲದವನ ಕೃತಕ ಕಾಲನ್ನು ಯಾರು ಕೇಳಬೇಕು.

ಸೀಟಿನ ಕುಶನ್ ಬಗ್ಗೆಯೂ ಒಂದು ಮಾತು. ಮಾವ ವಿಮಾನದ ಸೀಟಿನ ಮೇಲೆ ತಮ್ಮದೇ ಕುಶನ್ ಹಾಕಿಕೊಳ್ಳುತ್ತಾರೆ. ಗಾಳಿ ತುಂಬುವ ಕುಶನ್ ಆದರೆ ಒಂದು ವಿಷಯ ಗೊತ್ತಿರಬೇಕು. ವಿಮಾನದ ಒಳಗಿನ ಗಾಳಿಯ ಒತ್ತಡ ಕೆಳಗಿನಷ್ಟು ಇರುವುದಿಲ್ಲ, ಸುಮಾರು 6000ದಿಂದ 8000 ಅಡಿ ಎತ್ತರದ ಬೆಟ್ಟದಲ್ಲಿ ಕೂತಷ್ಟು. ಕುಶನ್ ಒಳಗಿನ ಗಾಳಿ ಹಿಗ್ಗಿ ಗಟ್ಟಿಯಾಗುತ್ತದೆ, ಅದರ ಮೇಲೆ ಕೂತರೆ ಹುಣ್ಣು ತಪ್ಪಿಸುವ ಬದಲು ಹುಣ್ಣು ಮಾಡುತ್ತದೆ. ಮೇಲೆ ಹೋದಾಗ ಸ್ವಲ್ಪ ಗಾಳಿ ಬಿಡಬೇಕು, ಇಳಿದ ಮೇಲೆ ಪಂಪಿನಿಂದ ತುಂಬಬೇಕು. ಪಂಪು ಕೈಚೀಲದಲ್ಲೇ ಇರಲಿ.

ಅದೇ ಕಾರಣಕ್ಕೆ ಶ್ವಾಸಕೋಶದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬಾರದು. ಕೆಳಗೆ ಆರಾಮ ಇದ್ದವರಿಗೂ ಮೇಲೆ ಆಕ್ಸಿಜನ್ ಪ್ರಮಾಣ ಇಳಿಯುತ್ತದೆ. ಮನೆಯ ಆಕ್ಸಿಜನ್ ಸಿಲಿಂಡರ್ ತೆಗೆದುಕೊಂಡು ಹೋಗಲು ಬಿಡುವುದಿಲ್ಲ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಕಾನ್ಸಂಟ್ರೇಟರ್ ಇದ್ದರೆ ಮೊದಲೇ ಒಪ್ಪಿಗೆ ಪಡೆದು ಒಯ್ಯಬಹುದು, ಪ್ರಯಾಣದ ಹೊತ್ತಿನ ಒಂದೂವರೆ ಪಟ್ಟು ಬ್ಯಾಟರಿ ಇರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಇದಕ್ಕೆ ಮೆಡಿಫ್ ಎಂಬ ಫಾರ್ಮಿನಲ್ಲಿ ಡಾಕ್ಟರು ಬರೆದುಕೊಡಬೇಕು. ಇನ್ಸುಲಿನ್, ನನ್ನ ಇಂಜೆಕ್ಷನ್ ಥರದ ತಣ್ಣಗಿರಬೇಕಾದ ಮದ್ದು ಎಲ್ಲ ಕೈಚೀಲದಲ್ಲಿ, ಚೀಟಿಯ ಜೊತೆ. ಕೆಳಗಿನ ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು, ಚೀಲವೇ ಬೇರೆ ಊರಿಗೆ ಹೋದರಂತೂ ಕತೆ ಮುಗಿಯಿತು.

ಹಾಗಂತ ಎಲ್ಲರಿಗೂ ಡಾಕ್ಟರ ಚೀಟಿ ಬೇಡ. ಇದು ನನಗೆ ತುಂಬ ಸಿಟ್ಟು ಬರುವ ಜಾಗ. ಮಾವನನ್ನು ಕೌಂಟರಿನಲ್ಲಿ "ಫಿಟ್ ಟು ಫ್ಲೈ ಸರ್ಟಿಫಿಕೇಟ್ ಎಲ್ಲಿ" ಎಂದು ಕೇಳಿದ್ದಾರೆ. ಅವರಿಗೆ ಯಾವ ಕಾಯಿಲೆಯೂ ಇಲ್ಲ ಮಾರಾಯ್ರೆ, ಕಾಲಿಗೆ ಬಲ ಇಲ್ಲ ಅಷ್ಟೇ. ವಿಮಾನಯಾನ ನೋಡಿಕೊಳ್ಳುವ ಸರಕಾರದ ಡಿಜಿಸಿಎ ಸಂಸ್ಥೆಯ ನಿಯಮದಲ್ಲಿ ಸ್ಪಷ್ಟ ಉಂಟು, ಬರೀ ಸಹಾಯ ಬೇಕಾದ ಅಂಗವಿಕಲರಿಂದ ವೈದ್ಯಕೀಯ ಪತ್ರ ಕೇಳಬಾರದು. ಊಟ, ಶೌಚ ಎಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದು ಪ್ರಯಾಣಿಕ ಹೇಳಿದರೆ ಜೊತೆಗೆ ಜನ ಬೇಕೇಬೇಕು ಎಂದು ಹಟ ಹಿಡಿಯಬಾರದು ಎಂತಲೂ ಉಂಟು. ಮಾವ ಆ ಪುಟಗಳನ್ನು ಪ್ರಿಂಟ್ ಮಾಡಿಸಿ, ಗೆರೆ ಹಾಕಿ, ಆಧಾರ್ ಮತ್ತು ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡಿನ ಜೊತೆ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದಾರೆ. ಕೇಳಿದರೆ ತೆಗೆದು ಓದುತ್ತಾರೆ. ಓದಲು ಶುರು ಮಾಡಿದರೆ ಮುಗಿಯುವುದಿಲ್ಲ ಎಂದು ಕೌಂಟರಿನವರಿಗೂ ಅರ್ಥವಾಗುತ್ತದೆ, ಬೋರ್ಡಿಂಗ್ ಪಾಸ್ ಬರುತ್ತದೆ.

ಈ ನಿಯಮಗಳು ಸುಮ್ನೆ ಬಂದದ್ದಲ್ಲ, ಒಂದೊಂದರ ಹಿಂದೆ ಒಬ್ಬೊಬ್ಬರು ಅವಮಾನ ತಿಂದಿದ್ದಾರೆ. ಸೆರೆಬ್ರಲ್ ಪಾಲ್ಸಿ, ಎಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸಮಸ್ಯೆ, ಇರುವ ಜೀಜಾ ಘೋಷ್ ಎಂಬವರನ್ನು 2012ರಲ್ಲಿ ಕೋಲ್ಕತ್ತದಲ್ಲಿ ಸೀಟಲ್ಲಿ ಕೂತ ಮೇಲೆ ಎಬ್ಬಿಸಿ ಇಳಿಸಿದರು. ಅವರು ಗೋವಾದಲ್ಲಿ ಒಂದು ಸಮ್ಮೇಳನಕ್ಕೆ ಹೊರಟಿದ್ದರು. ಸುಪ್ರೀಂ ಕೋರ್ಟಿಗೆ ಹೋದರು, 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ತೀರ್ಪು ಬಂತು. 2022ರ ಮೇಯಲ್ಲಿ ರಾಂಚಿಯಲ್ಲಿ ಒಬ್ಬ ಅಂಗವಿಕಲ ಹುಡುಗನನ್ನು ಹತ್ತಿಸಿಕೊಳ್ಳಲಿಲ್ಲ, ಉಳಿದ ಪ್ರಯಾಣಿಕರೇ ಅವನ ಪರವಾಗಿ ಮಾತಾಡಿದರೂ. ವಿಮಾನ ಕಂಪನಿಗೆ 5 ಲಕ್ಷ ದಂಡ ಬಿತ್ತು. ಅದೇ ವರ್ಷ ಜುಲೈಯಲ್ಲಿ ನಿಯಮ ತಿದ್ದಿದರು. ಅಂಗವೈಕಲ್ಯ ಇದೆ ಎಂದು ಹತ್ತಿಸದೆ ಬಿಡುವಂತಿಲ್ಲ. ಆರೋಗ್ಯ ಕೆಡಬಹುದು ಎಂಬ ಸಂಶಯ ಇದ್ದರೆ ಡಾಕ್ಟರು ನಿಲ್ದಾಣದಲ್ಲೇ ಎದುರು ಕೂತು ಪರೀಕ್ಷೆ ಮಾಡಿ ಹೇಳಬೇಕು. ಕೌಂಟರಿನವರ ಕಣ್ಣಳತೆ ಸಾಲದು. ಆಮೇಲೆ 2024ರ ಫೆಬ್ರವರಿ, ಮುಂಬೈ. ವೃದ್ಧ ದಂಪತಿಗೆ ಒಂದೇ ವೀಲ್‌ಚೇರ್ ಸಿಕ್ಕಿತು, ಹೆಂಡತಿಯನ್ನು ಕೂರಿಸಿ ಗಂಡ ಪಕ್ಕದಲ್ಲಿ ನಡೆದುಕೊಂಡು ಹೋದರು, ಇಮಿಗ್ರೇಶನ್ ಹತ್ತಿರ ಕುಸಿದರು, ತೀರಿಕೊಂಡರು. 80 ವರ್ಷ. ದಂಡ 30 ಲಕ್ಷ. ನನಗೆ ಇದನ್ನು ಓದಿದಾಗ ದಂಡದ ಮೊತ್ತಕ್ಕಿಂತ ಆ ಒಂದು ಕುರ್ಚಿಯ ಲೆಕ್ಕವೇ ಜಾಸ್ತಿ ಕಾಡಿತು. ಎರಡು ಬೇಕು ಎಂದು ಮೊದಲೇ ಬರೆದಿತ್ತಲ್ಲ.

ಈಗ ನನ್ನ ಕಡೆಯ ಸಂಕಟ. ಮಾವನ ಕುರ್ಚಿಯ ಪಕ್ಕ ನಾನೂ ಒಂದು ಕುರ್ಚಿಯಲ್ಲಿ ಕೂತರೆ ಜನ ನೋಡುವ ನೋಟವೇ ಬೇರೆ. ಸರದಿ ತಪ್ಪಿಸಲು ಕೂತಿದ್ದಾಳೆ ಎಂದು. ಗೇಟಿನ ಹತ್ತಿರ ನಾನು ಎದ್ದು ನಾಲ್ಕು ಹೆಜ್ಜೆ ನಡೆದು ನೀರು ತಂದರೆ ಮುಗಿಯಿತು, ಒಬ್ಬರು "ಪವಾಡ" ಎಂದು ನಕ್ಕದ್ದು ಕೇಳಿಸಿದೆ. ಹೌದು, ಸುಮ್ನೆ ವೀಲ್‌ಚೇರ್ ಕೇಳುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಅವರಲ್ಲಿ ಎಷ್ಟೋ ಜನ ಕಳ್ಳರಲ್ಲ. ನಮ್ಮ ಉಪ್ಪಳ, ಕುಂಬಳೆ, ಮಂಜೇಶ್ವರದ ಮನೆಮನೆಗಳಿಂದ ಗಲ್ಫಿನ ಮಕ್ಕಳ ಹತ್ತಿರ ಹೋಗುವ ಅಮ್ಮಂದಿರನ್ನು ನೋಡಿ. ಇಂಗ್ಲಿಷ್ ಬಾರದು, ಹಿಂದಿ ಬಾರದು, ಬೋರ್ಡು ಓದಲು ಆಗುವುದಿಲ್ಲ, ದೊಡ್ಡ ನಿಲ್ದಾಣದಲ್ಲಿ ದಾರಿ ತಪ್ಪಿದರೆ ಎಂದು ಜೀವ ಬಾಯಿಗೆ ಬಂದಿರುತ್ತದೆ. ಮಗ ಟಿಕೆಟ್ ಮಾಡುವಾಗ ವೀಲ್‌ಚೇರ್ ಹಾಕಿಸುತ್ತಾನೆ, ದೂಡುವವನು ಸರಿಯಾದ ಗೇಟಿಗೆ ತಲುಪಿಸುತ್ತಾನಲ್ಲ ಎಂದು. ಅವರಿಗೆ ಬೇಕಾದ್ದು ಕುರ್ಚಿಯಲ್ಲ, ಜೊತೆಗೊಬ್ಬ ಮನುಷ್ಯ. ಅದಕ್ಕೂ ಮಾಸ್ ಎಂಬ ಬೇರೆ ಕೋಡ್ ಉಂಟು, ಎದುರುಗೊಂಡು ಕರೆದುಕೊಂಡು ಹೋಗುವುದು, ಅಷ್ಟೇ. ನಮ್ಮ ಕಡೆಯ ಟ್ರಾವೆಲ್ಸಿನವರು ಇದನ್ನು ಹೇಳುವುದೇ ಇಲ್ಲ. ಹೇಳಿದರೆ ಎಷ್ಟೋ ಕುರ್ಚಿ ಉಳಿಯುತ್ತದೆ.

ಹೊರಗೆ ಕಾಣದ ಕಾಯಿಲೆಯವರಿಗೆ ಸೂರ್ಯಕಾಂತಿ ಹೂವಿನ ಚಿತ್ರದ ಹಸಿರು ಪಟ್ಟಿಯೊಂದು ಉಂಟು, ಕುತ್ತಿಗೆಗೆ ಹಾಕಿಕೊಳ್ಳುವುದು. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಶುರುವಾಯಿತು, ಈಗ ಬೆಂಗಳೂರು ನಿಲ್ದಾಣದಲ್ಲೂ ಇದೆ. ಆಟಿಸಂ ಇರುವ ಮಕ್ಕಳ ಮನೆಯವರು ಕೇಳಿ ನೋಡಿ.

ಗಲ್ಫಿನ ಮಾತು ಬಂತಲ್ಲ, ಮಾತ್ರೆಗಳ ವಿಷಯದಲ್ಲಿ ಜಾಗ್ರತೆ. ನರದ ನೋವಿಗೆ ಮಾವ ತೆಗೆದುಕೊಳ್ಳುವ ಪ್ರಿಗಾಬಲಿನ್, ನಮ್ಮಂಥವರಿಗೆ ಕೆಲವೊಮ್ಮೆ ಕೊಡುವ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್ ಎಲ್ಲ ಯುಎಇಯಲ್ಲಿ ಹದ್ದುಬಸ್ತಿನ ಮದ್ದುಗಳು. ಅಲ್ಲಿಯ ಸರಕಾರದಿಂದ ಆನ್‌ಲೈನಲ್ಲಿ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ನಮ್ಮೂರಲ್ಲಿ ಒಬ್ಬರು ಹೊರಟರೆ ನೆರೆಮನೆಯವರೆಲ್ಲ ಹಲಸಿನ ಹಪ್ಪಳ, ಉಪ್ಪಿನಕಾಯಿ ಜೊತೆಗೆ "ನಮ್ಮ ಹುಡುಗನಿಗೆ ಈ ಮಾತ್ರೆ" ಎಂದು ಒಂದು ಕಟ್ಟು ಕೊಡುತ್ತಾರಲ್ಲ, ಅದನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಹಪ್ಪಳ ಸಾಕು.

ನಮ್ಮ ಜಿಲ್ಲೆಯ ಎಣ್ಮಕಜೆ ಕಡೆಯ ಒಬ್ಬ ತಾಯಿ ನನ್ನ ಹತ್ತಿರ ಕೇಳಿದ್ದರು, ಮಗಳನ್ನು ತಿರುವನಂತಪುರದ ಆಸ್ಪತ್ರೆಗೆ ಕಣ್ಣೂರಿಂದ ವಿಮಾನದಲ್ಲಿ ಕರೆದುಕೊಂಡು ಹೋಗಬಹುದಾ ಎಂದು. ಮಗಳು ಎಂದರೆ ಈಗ ದೊಡ್ಡವಳು, ಹುಟ್ಟಿದಲ್ಲಿಂದ ಮಲಗಿದಲ್ಲೇ. ಆ ಕಡೆಯ ಕತೆ ಗೊತ್ತಲ್ಲ, 2000ದವರೆಗೂ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಮಕ್ಕಳು ಅಂಗಳಕ್ಕೆ ಓಡಿ ಬಂದು ಕೈಬೀಸಿ ನೋಡುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಆ ವಿಷದ ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, ಅದಕ್ಕೂ ಎಷ್ಟು ಅಲೆದಾಟ. ಆ ತಾಯಿಗೆ ನಾನು ಕೊಡಬೇಕಾದ ಉತ್ತರ ಸುಲಭದ್ದಾಗಿರಲಿಲ್ಲ. ವಿಮಾನ ಏರುವಾಗ, ಇಳಿಯುವಾಗ ಸೀಟು ನೆಟ್ಟಗಿರಬೇಕು, ಪ್ರಯಾಣಿಕ ಕೂತಿರಬೇಕು, ಬೆಲ್ಟು ಹಾಕಿರಬೇಕು. ಆ ಹುಡುಗಿಗೆ ಕೂರಲು ಆಗುವುದಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ಕೂರಲಾಗದವರಿಗೆ ಸ್ಟ್ರೆಚರ್ ಉಂಟು, ಹಲವು ಸೀಟು ಮಡಚಿ ಅದರ ಮೇಲೆ ಹಾಸುತ್ತಾರೆ, ಅಷ್ಟೂ ಸೀಟಿನ ದುಡ್ಡು ಕೊಡಬೇಕು, ಎಲ್ಲ ವಿಮಾನಗಳಲ್ಲೂ ಆ ವ್ಯವಸ್ಥೆಯೇ ಇಲ್ಲ. ಸೌಲಭ್ಯ, ಹಕ್ಕು ಎಂದು ಇಷ್ಟು ಬರೆಯುವ ನಾನು ಅವರಿಗೆ ಹೇಳಿದ್ದು, ಆಂಬುಲೆನ್ಸೇ ಗತಿ ಅಕ್ಕ, ಎಂದು. ಅವರು "ಗೊತ್ತಿತ್ತು, ಸುಮ್ನೆ ಕೇಳಿದೆ" ಎಂದರು. ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆ ಎಂದು ಹೆಚ್ಚಾಗಿ ಹೋಗುವುದು ಒಂದೋ ಕೇರಳದೊಳಗೆ ದೂರದ ಊರಿಗೆ, ಇಲ್ಲವೇ ಗಡಿಯಾಚೆ ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತದ್ದು ಇಲ್ಲಿ ಯಾರೂ ಮರೆತಿಲ್ಲ.

ಮುಂಬೈಯಲ್ಲಿ ಇಳಿಯುವುದಕ್ಕೆ ಬರೋಣ. ವೀಲ್‌ಚೇರಿನವರು ಮೊದಲು ಹತ್ತುತ್ತಾರೆ, ಕೊನೆಗೆ ಇಳಿಯುತ್ತಾರೆ. ಎಲ್ಲರೂ ಹೋದ ಮೇಲೆ ಐಲ್ ಚೇರ್ ಬರಬೇಕು. ಬರುವುದಿಲ್ಲ. ಕಸ ಗುಡಿಸುವವರು ಬಂದರು, ನಮ್ಮ ಸಾಲು ಬಿಟ್ಟು ಉಳಿದದ್ದೆಲ್ಲ ಗುಡಿಸಿದರು, ಮುಂದಿನ ಪ್ರಯಾಣದ ಸಿಬ್ಬಂದಿ ಬಂದು ನಮಸ್ತೆ ಎಂದರು, ಆಮೇಲೆ ಯಾರೋ ವಾಕಿಟಾಕಿಯಲ್ಲಿ ಕೂಗಿದರು. ಹೊರಡುವ ಊರಿಂದ ಇಳಿಯುವ ಊರಿಗೆ ಮೆಸೇಜು ಹೋಗಬೇಕು ಎಂಬ ಪದ್ಧತಿ ಇದೆ. ಈಗ ಇಳಿಯಲು ಅರ್ಧ ಗಂಟೆ ಇರುವಾಗಲೇ ನಾನು ಗಗನಸಖಿಯನ್ನು ಕರೆದು "ಕೆಳಗೆ ಐಲ್ ಚೇರ್ ಹೇಳಿದ್ದಾರಾ, ಕ್ಯಾಪ್ಟನ್ ಹತ್ತಿರ ಇನ್ನೊಮ್ಮೆ ಹೇಳಿಸಿ" ಎನ್ನುತ್ತೇನೆ. ಕೆಲಸ ಆಗುತ್ತದೆ.

ಮಾವನ ಸ್ವಂತ ಕುರ್ಚಿಯದ್ದು ಇನ್ನೊಂದು ಪುರಾಣ. ಅದು ಅವರ ಅಳತೆಗೆ ಮಾಡಿಸಿದ್ದು, ನಿಲ್ದಾಣದ ಕುರ್ಚಿಯಲ್ಲಿ ಅವರಿಗೆ ತಾವೇ ಚಕ್ರ ತಿರುಗಿಸಲು ಆಗುವುದಿಲ್ಲ, ಯಾರಾದರೂ ದೂಡುವವರೆಗೆ ಇಟ್ಟಲ್ಲೇ ಕೂತಿರಬೇಕು. ಹಾಗಾಗಿ ಕೌಂಟರಿನಲ್ಲಿ ಅದನ್ನು ಕೊಡದೆ ವಿಮಾನದ ಬಾಗಿಲವರೆಗೂ ಅದರಲ್ಲೇ ಹೋಗುತ್ತೇವೆ, ಇಳಿಯುವಾಗಲೂ ಬಾಗಿಲಲ್ಲೇ ಕೊಡಬೇಕು ಎಂದು ಟ್ಯಾಗ್ ಹಾಕಿಸುತ್ತೇವೆ. ಟ್ಯಾಗ್ ಇದ್ದರೂ ಕುರ್ಚಿ ಕೆಲವೊಮ್ಮೆ ಸೂಟ್‌ಕೇಸುಗಳ ಜೊತೆ ಬೆಲ್ಟಿನ ಮೇಲೆ ಸುತ್ತುತ್ತಿರುತ್ತದೆ. ಒಮ್ಮೆ ಕಾಲಿಡುವ ಪಟ್ಟಿಯೇ ಕಾಣೆ. ಈಗ ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಒಂದು ಬಟ್ಟೆ ಚೀಲಕ್ಕೆ ಹಾಕಿ ಮೇಲೆ ಒಯ್ಯುತ್ತೇವೆ, ಕೊಡುವ ಮೊದಲು ಕುರ್ಚಿಯ ನಾಲ್ಕು ಕಡೆಯ ಫೋಟೋ ತೆಗೆಯುತ್ತೇನೆ. ಏನಾದರೂ ಮುರಿದರೆ ನಿಲ್ದಾಣ ಬಿಡುವ ಮೊದಲೇ ಬರೆದು ಕೊಟ್ಟು ಅದರ ನಕಲು ಪಡೆಯಬೇಕು, ಮನೆಗೆ ಬಂದು ಫೋನ್ ಮಾಡಿದರೆ ಯಾರೂ ಕೇಳುವುದಿಲ್ಲ. ಅಲ್ಲಿಯೂ ಆಗದಿದ್ದರೆ ಸರಕಾರದ ಏರ್‌ಸೇವಾದಲ್ಲಿ ದೂರು ಹಾಕಬಹುದು.

ವಾಪಸ್ಸು ಬರುವಾಗ ಮಂಗಳೂರಲ್ಲಿ ಇಳಿದರೆ ಅರ್ಧ ಮನೆಗೆ ಬಂದ ಹಾಗೆ ಅನಿಸುತ್ತದೆ. ದೂಡುವ ಹುಡುಗ ತುಳುವಿನಲ್ಲಿ ಮಾತಾಡುತ್ತಾನೆ, ಮಾವನ ಅರ್ಥಗಾರಿಕೆ ಕೇಳಿದವನೂ ಒಮ್ಮೆ ಸಿಕ್ಕಿದ್ದ. ಆದರೆ ಹೊರಗೆ ಬಂದ ಮೇಲೆ ಟ್ಯಾಕ್ಸಿ. ಇಷ್ಟು ಹೊತ್ತು ನಿಯಮ, ಕೋಡ್, ಆಂಬುಲಿಫ್ಟ್ ಎಲ್ಲ ಇತ್ತು, ಗಾಜಿನ ಬಾಗಿಲು ದಾಟಿದ ಕೂಡಲೇ ಯಾವುದೂ ಇಲ್ಲ. ನಿಲ್ದಾಣ ಇರುವ ಕೆಂಜಾರಿಂದ ನಮ್ಮ ಮನೆಗೆ ಬದಿಯಡ್ಕ ದಾಟಿ ಹೋಗಬೇಕು. ಮಾವನನ್ನು ಮುಂದಿನ ಸೀಟಿಗೆ ಜಾರಿಸುವುದು ಕಷ್ಟವಲ್ಲ, ಕುರ್ಚಿ ಎಲ್ಲಿ ಇಡುವುದು? ಡಿಕ್ಕಿ ತೆಗೆದರೆ ಅರ್ಧ ಜಾಗದಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ. ಕುರ್ಚಿಯನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ತಲಪಾಡಿ ದಾಟಿದ್ದೂ ಉಂಟು. ಊದಿದ ಮೊಣಕಾಲಿಗೆ ಅದು ಬೇಕಿತ್ತಾ! ಹಾಗಾಗಿ ಈಗ ಟ್ಯಾಕ್ಸಿಗೆ ಹಿಂದಿನ ದಿನವೇ ಫೋನ್ ಮಾಡುತ್ತೇನೆ. ರೇಟ್ ಎಷ್ಟು ಎಂದು ಆಮೇಲೆ ಕೇಳುವುದು, ಡಿಕ್ಕಿಯಲ್ಲಿ ಸಿಲಿಂಡರ್ ಉಂಟಾ ಎಂದು ಮೊದಲು.